ಭಾವನಿಗೆಂದು ಇಟ್ಟ ನೀರು

ರಿಪಾನೇರಾ,
ಫೆಬ್ರವರಿ 24

ಪ್ರೀತಿಯ ಅಕ್ಕ ವೆನೇರಾ,

ಮೊದಲು ಸುದ್ದಿ, ಆಮೇಲೆ ಕ್ಷೇಮಸಮಾಚಾರ. ಬೆಟ್ಟದವಳು ಕೊನೆಗೂ ನಮ್ಮ ಕಡೆ ಮುಖ ತಿರುಗಿಸಿದ್ದಾಳೆ. ಹೋದ ಬುಧವಾರ ಬೆಳಿಗ್ಗೆ ಬರ್ಚ್ ಕಾಡಿನ ಮೇಲುಗಡೆ ನೆಲ ಬಾಯಿಬಿಟ್ಟಿತು. ಎಟ್ನಾ ನೋಡಬೇಕೆಂದರೆ ಎಲ್ಲರೂ ದಕ್ಷಿಣದ ಕಡೆ ಓಡುತ್ತಾರೆ; ನಮ್ಮ ಈ ಉತ್ತರದ ಇಳಿಜಾರಿಗೆ ಬರುವವರು ಗದ್ದಲ ಬೇಡವೆನ್ನುವ ಜನ. ಹನ್ನೆರಡು ವರ್ಷದ ಗೈಡು ಕೆಲಸದಲ್ಲಿ ಅವರಿಗೆ ನಾನು ಹೇಳುತ್ತ ಬಂದದ್ದು ಒಂದೇ ಮಾತು: "ಹೆದರಬೇಡಿ ಸ್ವಾಮೀ, ಈ ಕಡೆಗೆ ಅವಳು ಬೆನ್ನು ಹಾಕಿ ಮಲಗಿದಾಳೆ." ಈಗ ಆ ಮಾತಿಗೆ ಬೆಂಕಿ ಬಿತ್ತು.

ನೀನು ಗಾಬರಿಯಾಗಬೇಡ. ಲಾವಾ ಬಲು ಸೋಮಾರಿ. ಸಂತೆಯಿಂದ ಬರುವ ಮುದುಕಿ ಕಂಡ ಕಂಡ ಕಟ್ಟೆಯ ಮೇಲೆ ಕೂತು ಎದ್ದು ಬರುವ ಹಾಗೆ ಬರುತ್ತಿದೆ. ನಮ್ಮ ದಾಗಲಾದ ಮನೆಯಿಂದ ಇನ್ನೂ ಮೂರು ಕಿಲೋಮೀಟರ್ ಮೇಲಿದೆ. ಅಜ್ಜಿಯ ಕಾಲದಲ್ಲಿ ಅವಳು ಎಡಕ್ಕೊಂದು ಬಲಕ್ಕೊಂದು ಹೊಳೆಯಾಗಿ ಹರಿದು, ನಾವು ದಾಗಲಾ ಎನ್ನುವ ಆ ಹಸಿರು ತುಂಡನ್ನು ನಡುವೆ ಹಾಗೇ ಬಿಟ್ಟುಹೋದಳು. ಅಪ್ಪನ ಕಾಲದಲ್ಲೂ ಹಾಗೇ ಮಾಡಿದಳು. ಮೂರನೇ ಸಲ ಮರೆತುಬಿಡುತ್ತಾಳೆಯೇ?

ಚಾರಣದವರು ಮಾತ್ರ ಮುಗಿಬೀಳುತ್ತಿದ್ದಾರೆ. ನನಗೆ ಈ ಕೆಲಸ ಕಲಿಸಿದ ನಿತ್ತು ಮಾವನಿಗೆ ಎಪ್ಪತ್ತೊಂದು ತುಂಬಿತು, ಆದರೂ ಮುದುಕ ಮನೆಯಲ್ಲಿ ನಿಲ್ಲುವುದಿಲ್ಲ. ನನ್ನ ಜೊತೆ ದಿನಾ ಹತ್ತುತ್ತಾನೆ. ಲಾವಾದ ಹತ್ತಿರ ಹೋಗುವ ಮೊದಲು ಅದೇ ಹಳೆಯ ಮೂರು ಪ್ರಶ್ನೆ: "ಗಾಳಿ ಎಲ್ಲಿಂದ? ವಾಪಸು ದಾರಿ ಎಲ್ಲಿ? ನೀರೆಲ್ಲಿದೆ?" ಮೂರಕ್ಕೂ ಉತ್ತರ ಸಿಗುವ ತನಕ ಒಂದು ಹೆಜ್ಜೆ ಕಿತ್ತಿಡಲು ಬಿಡುವುದಿಲ್ಲ. ನನ್ನ ಮದುವೆಯ ದಿನ ಇಗರ್ಜಿಯ ಬಾಗಿಲಲ್ಲೂ ಈ ಮೂರು ಪ್ರಶ್ನೆ ಕೇಳಿ ಮರೂಜಳ ತಂದೆಯ ಮುಖ ಕೆಂಪಾಗಿಸಿದ್ದು ನಿನಗೆ ನೆನಪಿರಬೇಕು.

ಮನೆಯ ಹೆಂಚು ಪೂರ್ತಿ ಕೂರಿಸಿದೆ. ಹೆಂಚಿನ ನೀರು ಇಳಿಯುವ ನೆಲದಡಿಯ ತೊಟ್ಟಿ ಈ ಚಳಿಗಾಲದಲ್ಲಿ ಕಂಠಪೂರ್ತಿ ತುಂಬಿದೆ. ಅಲ್ಲಿ ಒರತೆಯಿಲ್ಲ, ಬಾವಿಯಿಲ್ಲ. ಆ ಮಳೆನೀರು ಇದ್ದರೆ ಅದು ಮನೆ, ಇಲ್ಲದಿದ್ದರೆ ಬರೀ ನಾಲ್ಕು ಗೋಡೆ. ಭಾವನಿಗೆ ಹೇಳು, ಎಲ್ಲ ಸಿದ್ಧವಿದೆ. ಕೆಮ್ಮು ಹೇಗಿದೆ?

ನಿನ್ನ ತಮ್ಮ,
ಚಿರೀನೊ


ಶಾರ್ಲೆರುವಾ,
ಮಾರ್ಚ್ 4

ಚಿರೂ,

ನಿನ್ನ ಪತ್ರ ಓದಿ ನಾನು ಶಿಲುಬೆಯ ಗುರುತು ಹಾಕಿಕೊಂಡೆ, ನಿನ್ನ ಭಾವ ಮಾತ್ರ ಬಿದ್ದು ಬಿದ್ದು ನಕ್ಕರು. ನಕ್ಕರೆ ಕೆಮ್ಮು ಬರುತ್ತದೆ, ಕೆಮ್ಮಿದರೆ ಮುಗಿಯಿತು, ಅರ್ಧ ಗಂಟೆ ಹಿಡಿದು ಕೂರಿಸಬೇಕು. ಡಾಕ್ಟರು ಈಗ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಕಲ್ಲಿದ್ದಲ ಧೂಳು ಎದೆಯಲ್ಲಿ ಗಟ್ಟಿಯಾಗಿ ಕೂತಿದೆ, ಈ ಬೇಸಿಗೆ ದಾಟಿದರೆ ದೊಡ್ಡದು. "ಎಲ್ಲಾದರೂ ಒಣ ಗಾಳಿ ಇರುವ ಕಡೆ ಕರಕೊಂಡು ಹೋಗಿ" ಅಂದರು. ನಾನು ಅಂದೆ, "ಇದೆ, ನಮಗೆ ಅಂಥ ಜಾಗ ಇದೆ." ಹಾಗೆ ಹೇಳುವಾಗ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಯುದ್ಧ ಮುಗಿದ ಎರಡು ವರ್ಷಕ್ಕೆ ಈ ಪರದೇಶದ ಗಣಿಯೂರಿಗೆ ಬಂದವರು ನಾವು. ಹದಿಮೂರು ವರ್ಷ ಬಾಡಿಗೆಯ ತಗಡಿನ ಗೂಡಿನಲ್ಲಿ ಕಳೆದೆವು. ನಮ್ಮದು ಅಂತ ಹೇಳಿಕೊಳ್ಳಲು ಇದ್ದದ್ದು ಅದೊಂದೇ ಮನೆ.

ಈಸ್ಟರ್ ಮುಗಿದ ವಾರ ಹೊರಡುತ್ತೇವೆ. ಅಷ್ಟರೊಳಗೆ ಅವಳು ಹತ್ತಿರ ಬಂದರೆ, ಅಮ್ಮ ಮಾಡುತ್ತಿದ್ದ ಹಾಗೆ ಮಾಡು. ಮರೂಜಳಿಗೆ ಹೇಳಿ ನೆಲ ಗುಡಿಸಿಸು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ರೊಟ್ಟಿ, ವೈನ್ ಇಟ್ಟು ಬಾಗಿಲು ತೆರೆದಿಡು. ಅಷ್ಟು ದೂರದಿಂದ ದಣಿದು ಬರುವವಳು ಅವಳು. ಮರ್ಯಾದೆ ಮಾಡಿದ ಮನೆಯನ್ನು ನೋಡಿಕೊಂಡು ಪಕ್ಕಕ್ಕೆ ಹೋಗುತ್ತಾಳೆ. ನಗಬೇಡ. ಎರಡು ಸಲ ಹೋದಳಲ್ಲ.

ತೊಟ್ಟಿಯ ಒಂದು ಬಕೆಟ್ ನೀರೂ ಯಾರೂ ಮುಟ್ಟಕೂಡದು.

ಕೆಳಗಿನದು ನಿನ್ನ ಭಾವನೇ ಬರೆದದ್ದು, ಅಕ್ಷರ ನೋಡಿ ಹೆದರಬೇಡ:

ಏ ಚಿರೂ, ನಿಮ್ಮಕ್ಕ ನನ್ನನ್ನ ಈಗಲೇ ಮಣ್ಣು ಮಾಡೋ ಹಾಗೆ ಬರೀತಾಳೆ, ನಂಬಬೇಡ. ಇಲ್ಲಿ ನಲ್ಲಿ ನೀರಿಗೂ ಇದ್ದಿಲ ರುಚಿ ಕಣೋ. ನಮ್ಮ ತೊಟ್ಟಿಯಿಂದ ಒಂದು ಲೋಟ ಕೊಡು ಸಾಕು, ಎದ್ದು ಕುಣೀತೀನಿ. ನಿನ್ನ ಚಾರಣದ ಪಟಾಲಮ್ಮಿಗೆಲ್ಲ ಕುಡಿಸಿ ಖಾಲಿ ಮಾಡಿದೆಯೋ, ಹುಷಾರ್! ಸಾರೊ.

ನಿನ್ನ ಅಕ್ಕ,
ವೆನೇರಾ


ರಿಪಾನೇರಾ,
ಮಾರ್ಚ್ 12

ಅಕ್ಕಾ,

ಭಾವನ ಸಾಲುಗಳನ್ನು ನಿತ್ತು ಮಾವನಿಗೂ ಓದಿ ಹೇಳಿದೆ. "ಇವನು ಸಾಯೋ ಪೈಕಿ ಅಲ್ಲ ಬಿಡು, ನನ್ನನ್ನ ಹೊತ್ತುಹಾಕಿಯೇ ಹೋಗೋದು" ಅಂದ.

ಸುದ್ದಿ ಅಷ್ಟು ಚೆನ್ನಾಗಿಲ್ಲ. ಲಾವಾ ಬರ್ಚ್ ಕಾಡಿಗೆ ಇಳಿದಿದೆ. ಬಿಳಿ ತೊಗಟೆಯ ಆ ಮರಗಳು ಮುಟ್ಟುವ ಮೊದಲೇ ಭಗ್ಗೆನ್ನುತ್ತವೆ. ಚಾರಣದವರು ಫೋಟೋ ತೆಗೆಯುತ್ತಾರೆ. ನನಗೆ ಒಂದೊಂದು ಮರದ ಬುಡದಲ್ಲಿ ಯಾರ ಯಾರನ್ನು ಕೂರಿಸಿ ಬುತ್ತಿ ಬಿಚ್ಚಿಸಿದ್ದೆ ಎಂದು ನೆನಪಾಗುತ್ತದೆ. ಮನೆಗೆ ಈಗ ಎಂಟುನೂರು ಮೀಟರ್. ಮರೂಜ ಬೈದುಕೊಂಡೇ ಮನೆ ಗುಡಿಸಿ, ತನ್ನ ಮದುವೆಯ ಮೇಜುಬಟ್ಟೆ ಹಾಸಿ ಬಂದಳು. "ನಿನ್ನ ಅಕ್ಕನ ನೆಂಟರಿಗೆ ನನ್ನ ಬಟ್ಟೆನೇ ಬೇಕಾಯ್ತಾ?" ಅಂದಳು. ಆದರೂ ಹಾಸಿದಳು.

ಈಗ ತೊಟ್ಟಿಯ ವಿಷಯ. ಮೇಲಿನ ಮೂರು ತೋಟದವರು ಆಗಲೇ ತೂಬು ಎತ್ತಿ ನೀರು ಬಿಟ್ಟರು. ತುಂಬಿದ ತೊಟ್ಟಿಯ ಮೇಲೆ ಲಾವಾ ಬಂದು ಕೂತರೆ ಏನಾಗುತ್ತದೆಂದು ನಿನಗೂ ಗೊತ್ತು: ಒಳಗಿನ ನೀರು ಆವಿಯಾಗಿ, ಹೊರಗೆ ಬರಲು ದಾರಿಯಿಲ್ಲದೆ, ಬಂಡೆಗೆ ಮದ್ದಿಟ್ಟ ಹಾಗೆ ಸಿಡಿಯುತ್ತದೆ. ನಿತ್ತು ಮಾವ ದಿನಾ ಕೇಳುತ್ತಾನೆ, "ಚಿರೂ, ತೂಬು ಯಾವಾಗ ಎತ್ತೀಯ?" ನಾನು ನಾಳೆ, ನಾಳಿದ್ದು ಎನ್ನುತ್ತಿದ್ದೇನೆ.

ಬಿಟ್ಟರೆ ಅಕ್ಟೋಬರ್‌ವರೆಗೂ ಮಳೆಯಿಲ್ಲ. ಈ ಬೇಸಿಗೆ ನೀವು ಅಲ್ಲಿರಲಾಗದು, ಭಾವನಿಗೆ ಇರುವುದು ಈ ಬೇಸಿಗೆಯೊಂದೇ ಎಂದು ನೀನೇ ಬರೆದಿದ್ದೀಯ. ಅದಕ್ಕೇ ಕೇಳುತ್ತೇನೆ, ನಿಜ ಹೇಳು. ಭಾವ ಬರುವುದು ಖಂಡಿತವೇ? ಖಂಡಿತ ಎಂದರೆ ಕೊನೆಯ ಗಳಿಗೆಯವರೆಗೂ ನೀರು ತಡೆಯುತ್ತೇನೆ. ಇಲ್ಲವೆಂದರೆ ಒಂದು ಸಾಲು ಬರೆ, ಎತ್ತಿಬಿಡುತ್ತೇನೆ. ಎಷ್ಟೆಂದರೂ ನೀರು ತಾನೇ.

ಚಿರೀನೊ


ಶಾರ್ಲೆರುವಾ,
ಮಾರ್ಚ್ 19, ಸಂತ ಜೋಸೆಫರ ಹಬ್ಬ

ಚಿರೂ,

ಬರುವುದು ಖಂಡಿತ. ತೂಬು ಎತ್ತಬೇಡ.

ಭಾವನ ಕೆಮ್ಮು ನಿಂತಿದೆ. ಈ ಸಲ ಅವರು ಬರೆಯಲಿಲ್ಲ, ಕೈ ಏಳುವುದಿಲ್ಲ. ಸಾಮಾನು ಕಟ್ಟುವ ಕೆಲಸ ಬಹಳವಿದೆ, ಹೆಚ್ಚು ಬರೆಯಲಾರೆ. ಮರೂಜಳಿಗೆ ಹೇಳು, ಅವಳ ಬಟ್ಟೆಗೆ ಬದಲು ಇಲ್ಲಿಯ ಲೇಸಿನದು ತರುತ್ತೇನೆ.

ಆ ಮನೆ ನನಗೆ ಬೇಕು ಚಿರೂ. ಇದೊಂದು ಸಲ ನನ್ನ ಮಾತು ನಡೆಸಿಕೊಡು.

ವೆನೇರಾ


ರಿಪಾನೇರಾ,
ಮಾರ್ಚ್ 27

ಅಕ್ಕಾ, ಅಕ್ಕಾ,

ಸಕ್ಕರೆ ಹಂಚು! ನಿಂತುಬಿಟ್ಟಿತು!

ನಿನ್ನ ಪತ್ರ ಬಂದದ್ದು ಗುರುವಾರ. ಕೆಮ್ಮು ನಿಂತಿತೆಂದು ಓದಿ ಮರೂಜ ಮೇಣದ ಬತ್ತಿ ಹಚ್ಚಲು ಓಡಿದಳು. ಮರುದಿನವೇ ಲಾವಾ ನಮ್ಮ ಮೇಲಿನ ಕಲ್ಲುಗೋಡೆಯ ಹತ್ತಿರ ಬಂದು, ಗೋಡೆಗೆ ಮೂಗು ತಾಗಿಸಿ, ಅಲ್ಲೇ ಕೂತಿತು. ಮೂರು ದಿನದಿಂದ ಅಲುಗಿಲ್ಲ. ಮೇಲೆಲ್ಲ ಕರಿ ಹೆಪ್ಪುಗಟ್ಟಿದೆ. ಗೋಡೆಯಿಂದ ತೊಟ್ಟಿಗೆ ನಲವತ್ತು ಹೆಜ್ಜೆ. ನೀನು ಗೆದ್ದೆ, ಅಮ್ಮ ಗೆದ್ದಳು, ಮರೂಜಳ ಮೇಜುಬಟ್ಟೆ ಗೆದ್ದಿತು. ನಾನೊಬ್ಬ ಪೆದ್ದ.

ಎವೆಲಿನಾ ಮೇಡಂ ಬಂದಿದ್ದಾರೆ. ಫೆರಾರಾದ ಟೀಚರು, ಪ್ರತಿ ವಸಂತದಲ್ಲೂ ಛತ್ರಿಯಷ್ಟು ಅಗಲದ ಟೋಪಿ ಹಾಕಿಕೊಂಡು ಬಂದು ಗಿಡ ಗಿಡದ ಮುಂದೆ ಕೂತು ಚಿತ್ರ ಬರೆಯುವವರು. ನಿತ್ತು ಮಾವನನ್ನು "ಪ್ರೊಫೆಸರ್" ಎಂದೇ ಕರೆಯುತ್ತಾರೆ, ಮುದುಕ ಆ ದಿನವೆಲ್ಲ ಎದೆ ಸೆಟೆಸಿಕೊಂಡು ನಡೆಯುತ್ತಾನೆ. ನಮ್ಮ ದಾಗಲಾದ ಚೆಸ್ಟ್‌ನಟ್ ಮರ ಬರೆಯಬೇಕಂತೆ, ಹಿಂದೆ ಲಾವಾ ಕಾಣುವ ಹಾಗೆ. ಬುಧವಾರ ಎಂಟು ಜನರನ್ನು ಕರೆದುಕೊಂಡು ಹೋಗುತ್ತೇವೆ.

ಒಂದು ಸಣ್ಣ ವಿಷಯ. ನಿನ್ನೆ ನಿತ್ತು ಮಾವ ಕೇಳಿದ, "ಗಾಳಿ ಗೊತ್ತಾಯ್ತು, ದಾರಿ ಗೊತ್ತಾಯ್ತು. ನೀರು ಬಿಟ್ಟಿದೀಯ ತಾನೆ?" ನಾನು "ಹ್ಞೂ, ಬಿಟ್ಟಿದೀನಿ" ಅಂದುಬಿಟ್ಟೆ. ಇಲ್ಲವೆಂದರೆ ಆ ಕ್ಷಣವೇ ಹೋಗಿ ತಾನೇ ಎತ್ತಿಬಿಡುತ್ತಿದ್ದ, ಆ ಮುದುಕನ ಹಟ ನಿನಗೆ ಗೊತ್ತು. ಮನಸ್ಸು ಸ್ವಲ್ಪ ಕುಟುಕಿತು. ಆದರೆ ನಿಂತ ಲಾವಾಕ್ಕೆ ಯಾರು ಹೆದರುತ್ತಾರೆ? ಹೇಗೂ ಇರಲಿ ಎಂದು ಒಂದು ದೊಡ್ಡ ಸೋರೆಬುರುಡೆಯಲ್ಲಿ ತೊಟ್ಟಿಯ ನೀರು ತುಂಬಿಸಿ ಊರಿನ ನಮ್ಮ ಮನೆಗೆ ತಂದಿಟ್ಟಿದ್ದೇನೆ. ಬಸ್ಸಿಳಿದ ಕೂಡಲೆ ಭಾವನಿಗೆ ಮೊದಲ ಲೋಟ ಅದರಿಂದಲೇ.

ಚಿರೀನೊ


ಶಾರ್ಲೆರುವಾ,
ಏಪ್ರಿಲ್ 13

ಚಿರೂ,

ನಿನ್ನ ಪತ್ರವಿಲ್ಲದೆ ಎರಡು ವಾರ ಮೇಲಾಯಿತು. ಹಬ್ಬದ ಕೆಲಸವೋ, ಚಾರಣದವರ ಕಾಟವೋ? ಮನೆ ಹೇಗಿದೆ? ನಾವು ಟಿಕೆಟು ಇನ್ನೂ ತೆಗೆದಿಲ್ಲ, ನಿನ್ನ ಪತ್ರ ಕಾಯುತ್ತಿದ್ದೇವೆ. ಭಾವ ಹಾಗೇ ಇದ್ದಾರೆ.

ಎರಡು ಸಾಲಾದರೂ ಬರೆ. ನೀನು ಬರೆಯದಿದ್ದರೆ ನನಗೆ ಏನೇನೋ ಕಾಣುತ್ತದೆ.

ವೆನೇರಾ


ರಿಪಾನೇರಾ,
ಏಪ್ರಿಲ್ 20

ಅಕ್ಕಾ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಹೇಗೆ ಬಂದರೆ ಹಾಗೆ ಬರೆಯುತ್ತೇನೆ.

ಮನೆ ಇಲ್ಲ. ನಿತ್ತು ಮಾವ ಇಲ್ಲ. ಎವೆಲಿನಾ ಮೇಡಂ ಇಲ್ಲ.

ಮಾರ್ಚ್ ಮೂವತ್ತು, ಬುಧವಾರ. ಬೆಳಿಗ್ಗೆ ಹತ್ತು ಗಂಟೆಗೆ ದಾಗಲಾ ಮುಟ್ಟಿದೆವು. ಹೆಪ್ಪಿನ ಕೆಳಗೆ ಬೆಂಕಿ ಇನ್ನೂ ಇತ್ತು. ಗೋಡೆ ಒಡೆದು ಒಂದು ನಾಲಿಗೆಯಷ್ಟು ಲಾವಾ ಆಚೆ ಬಂದು, ಮೆಲ್ಲಗೆ, ಬಲು ಮೆಲ್ಲಗೆ, ತೊಟ್ಟಿಯ ಕಡೆ ಉರುಳುತ್ತಿತ್ತು. ಅದನ್ನು ನೋಡಿ ಎಲ್ಲರಿಗೂ ಖುಷಿಯೋ ಖುಷಿ. ಇದನ್ನು ನೋಡುವುದಕ್ಕೇ ಬಂದವರಲ್ಲವೇ ಅವರು. ಇಬ್ಬರು ಕೆಳಗಿನ ತಿರುವಿನಲ್ಲಿ ಹಿಂದೆ ಉಳಿದಿದ್ದರು, ಲಾವಾ ತೊಟ್ಟಿ ಮುಟ್ಟಲು ಇನ್ನೂ ಹೊತ್ತಿದೆ ಎಂದುಕೊಂಡು ಅವರನ್ನು ಕರೆತರಲು ನಾನು ಇಳಿದಿದ್ದೆ. ನಿತ್ತು ಮಾವ ಉಳಿದವರನ್ನು ತೊಟ್ಟಿಯಿಂದ ಮೂವತ್ತು ಹೆಜ್ಜೆ ದೂರದ ಚೆಸ್ಟ್‌ನಟ್ ಮರದ ಕೆಳಗೆ ಕೂರಿಸಿದ. ಖಾಲಿ ತೊಟ್ಟಿಯಾದರೆ ಮೂವತ್ತು ಹೆಜ್ಜೆ ಬೇಕಾದಷ್ಟಾಯಿತು. ಖಾಲಿಯಾಗಿದೆ ಎಂದು ಅವನಿಗೆ ಹೇಳಿದವನು ನಾನು.

ನಾನು ಮೇಲೆ ಹತ್ತುತ್ತ ಲಾವಾ ಎಲ್ಲಿ ಮುಟ್ಟಿದೆಯೆಂದು ಕಂಡು ಕೂಗಿದೆ. "ಮಾವಾ, ಓಡಿ! ನೀರಿದೆ!" ಅವನು ತಿರುಗಿ ನೋಡಿದ. ಆಮೇಲೆ ಟೀಚರ ಕೈ ಹಿಡಿದು ಎಬ್ಬಿಸಲು ಹೋದ. ಆಕೆ ಬಣ್ಣದ ಪೆಟ್ಟಿಗೆ ಮುಚ್ಚುತ್ತಿದ್ದರು. ಅಷ್ಟರೊಳಗೆ ನೆಲವೇ ಎದ್ದಿತು.

ಉಳಿದ ಐವರಿಗೆ ಗಾಯವಾಯಿತು, ಬದುಕಿದರು. ಟೀಚರು ಅಲ್ಲೇ ಹೋದರು. ನಿತ್ತು ಮಾವನ ತಲೆ ನನ್ನ ತೊಡೆಯ ಮೇಲಿತ್ತು. ಬೈಯಲಿಲ್ಲ ಅಕ್ಕಾ, ಬೈದಿದ್ದರೆ ಚೆನ್ನಾಗಿತ್ತು. "ಬಿಟ್ಟಿದೀನಿ ಅಂದೆಯಲ್ಲೋ ಚಿರೂ" ಅಂದ. ನಿಜವಾಗಿ ಗೊತ್ತಾಗದೆ ಕೇಳುವವರ ಹಾಗೆ ಕೇಳಿದ. ಅಷ್ಟೇ ಅವನ ಕೊನೆಯ ಮಾತು.

ಸಂಜೆಯೊಳಗೆ ಲಾವಾ ಮನೆಗೂ ಬಂತು. ಬಾಗಿಲು ತೆರೆದೇ ಇತ್ತು. ಮೇಜುಬಟ್ಟೆ, ರೊಟ್ಟಿ, ವೈನ್ ಎಲ್ಲ ಇಟ್ಟದ್ದು ಇಟ್ಟ ಹಾಗೇ ಇತ್ತು.

ವಿಚಾರಣೆಗೆ ಬಂದ ಅಧಿಕಾರಿ ಕೇಳಿದ, "ಇಷ್ಟು ವರ್ಷದ ಗೈಡು ನೀನು, ತೊಟ್ಟಿ ಯಾಕೆ ತುಂಬಿತ್ತು?" ಮರೆತೆ ಅಂದೆ. ನಿಮ್ಮ ಹೆಸರು ಹೇಳಲಿಲ್ಲ. ನನ್ನ ಪರವಾನಗಿ ಕಿತ್ತುಕೊಂಡರು, ಮೊಕದ್ದಮೆ ಮುಂದೆ ಇದೆ. ನನ್ನನ್ನು ಗೈಡು ಮಾಡಿದ ದಿನ ನಿತ್ತು ಮಾವ ಕೊಟ್ಟ ಊರುಗೋಲನ್ನು ಅವನ ಹೆಂಡತಿಯ ಹೊಸಿಲಿನಲ್ಲಿ ಇಟ್ಟು ಬಂದೆ. ಆಕೆ ಅದನ್ನು ಎರಡು ತುಂಡು ಮಾಡಿ ರೊಟ್ಟಿ ಸುಡುವ ಒಲೆಗೆ ಹಾಕಿದಳು. ರಸ್ತೆಯಲ್ಲಿ ನಿಂತು ನೋಡಿದೆ.

ಮರೂಜ ಕೇಳುತ್ತಾಳೆ, "ಯಾಕೆ ಹಾಗೆ ಮಾಡಿದೆ? ಯಾಕೆ?" ನನ್ನ ಹತ್ತಿರ ಇರುವುದು ಒಂದೇ ಉತ್ತರ. ಸಾಯುತ್ತಿರುವ ಭಾವನಿಗೆ ಒಂದು ಬೇಸಿಗೆ ಸಿಗಲಿ ಎಂದು ಮಾಡಿದೆ. ಆ ಉತ್ತರ ಹಿಡಿದುಕೊಂಡೇ ಬೆಳಿಗ್ಗೆ ಏಳುತ್ತೇನೆ. ಅದೊಂದಿಲ್ಲದಿದ್ದರೆ ನಾನು ಏನು ಮಾಡಿಕೊಳ್ಳುತ್ತಿದ್ದೆನೋ.

ನೀವು ಬರುವ ಹಾಗಿಲ್ಲ, ಬರಲು ಮನೆಯಿಲ್ಲ. ಅದಕ್ಕೇ ನಾನೇ ಬರುತ್ತೇನೆ. ಮೊಕದ್ದಮೆಗೆ ಇನ್ನೂ ತಿಂಗಳುಗಳಿವೆ, ಮರೂಜ ತವರಿಗೆ ಹೋಗಿದ್ದಾಳೆ. ಇಪ್ಪತ್ತೊಂಬತ್ತನೇ ತಾರೀಕು ಬೆಳಿಗ್ಗೆ ಹೊರಡುತ್ತೇನೆ. ಬುರುಡೆಯ ನೀರು ಹಾಗೇ ಇದೆ, ಹನಿ ಚೆಲ್ಲದೆ ತರುತ್ತೇನೆ. ಭಾವ ಅದನ್ನು ಕುಡಿಯುವುದನ್ನು ನೋಡಬೇಕು.

ಚಿರೀನೊ


ಶಾರ್ಲೆರುವಾ,
ಏಪ್ರಿಲ್ 26

ಚಿರೂ, ನನ್ನ ತಮ್ಮಾ,

ಹೊರಡಬೇಡ. ಈ ಪತ್ರ ನಿನಗೆ ಸಿಗುವ ಮೊದಲೇ ನೀನು ಹೊರಟಿರುತ್ತೀಯೋ ಏನೋ. ತಂತಿ ಕೊಡಲು ಅಂಚೆ ಕಚೇರಿಗೆ ಹೋಗಿದ್ದೆ. ನಮ್ಮೂರಿನಲ್ಲಿ ತಂತಿ ಬಂದರೆ ಅಂಚೆಯವನು ಚೌಕದಲ್ಲೇ ನಿಂತು ಗಟ್ಟಿಯಾಗಿ ಓದುತ್ತಾನಲ್ಲ; ಎದುರಿಗೇ ನಿತ್ತು ಮಾವನ ಮನೆ. ಅವನ ಹೆಂಡತಿ ಕೇಳಿಸಿಕೊಳ್ಳುತ್ತಾಳೆಂದು ಹೆದರಿ ವಾಪಸು ಬಂದೆ. ಇಲ್ಲೂ ನಾನು ಹೇಡಿಯೇ.

ನಿನ್ನ ಭಾವ ಮಾರ್ಚ್ ಹದಿನೈದು, ಮಂಗಳವಾರ ಮಧ್ಯಾಹ್ನ ತೀರಿಕೊಂಡರು. ಹದಿನೇಳಕ್ಕೆ ಮಣ್ಣು ಮಾಡಿದೆವು. ಬರುವುದು ಖಂಡಿತವೇ, ನಿಜ ಹೇಳು ಎಂದು ನೀನು ಕೇಳಿದ ಪತ್ರ ನನ್ನ ಕೈ ಸೇರಿದ್ದು ಹದಿನೆಂಟಕ್ಕೆ. ಹತ್ತೊಂಬತ್ತಕ್ಕೆ ನಾನು ಉತ್ತರ ಬರೆದೆ. ಕೆಮ್ಮು ನಿಂತಿದೆ ಎಂದು ಬರೆದೆ. ನಮ್ಮ ಕಡೆಯವರು ಇಲ್ಲಿ ಯಾರೂ ಇಲ್ಲದ್ದು ನನ್ನ ಸುಳ್ಳಿಗೆ ಅನುಕೂಲವಾಯಿತು.

ಯಾಕೆಂದು ಕೇಳುತ್ತೀಯ. ನಿನ್ನನ್ನು ನಾನು ಬಲ್ಲೆ ಚಿರೂ. ಬದುಕಿರುವ ಭಾವನಿಗಾಗಿ ನೀನು ಬೆಟ್ಟವನ್ನೇ ತಡೆದು ನಿಲ್ಲಿಸುತ್ತಿದ್ದೆ. ವಿಧವೆ ಅಕ್ಕನಿಗಾಗಿ ತೂಬು ತಡೆಯುತ್ತಿರಲಿಲ್ಲ. "ಒಂಟಿ ಹೆಂಗಸು ಬೆಟ್ಟದ ಮೇಲೆ ಏನು ಮಾಡ್ತೀಯ, ಬಾ, ನಮ್ಮ ಜೊತೆ ಇರು" ಎನ್ನುತ್ತಿದ್ದೆ. ಒಳ್ಳೆಯ ಮನಸ್ಸಿನಿಂದಲೇ ಎನ್ನುತ್ತಿದ್ದೆ. ನಾನು ಕರಿ ಬಟ್ಟೆ ಉಟ್ಟು ಮರೂಜಳ ಒಲೆಯ ಮೂಲೆಯಲ್ಲಿ ಕೂತು, ಅವಳು ಹಾಕಿದ್ದು ಉಂಡು ಮುದುಕಿಯಾಗಬೇಕಿತ್ತು. ಹದಿಮೂರು ವರ್ಷ ಆ ಮನೆಯನ್ನು ನೆನೆದು ಬದುಕಿದವಳಿಗೆ ಅದು ಬೇಡವಾಗಿತ್ತು. ಬಂದಮೇಲೆ ಹೇಳಿದರಾಯಿತು, ನನ್ನ ಕರಿ ಬಟ್ಟೆ ನೋಡಿ ತಾನೇ ತಿಳಿದುಕೊಳ್ಳುತ್ತಾನೆ, ಅಷ್ಟರಲ್ಲಿ ಬೇಸಿಗೆ ಬಂದಿರುತ್ತದೆ, ತೊಟ್ಟಿಯಲ್ಲಿ ನೀರಿರುತ್ತದೆ ಎಂದು ಲೆಕ್ಕ ಹಾಕಿದೆ. ನೀರಿನ ಮೇಲೆ ಬೆಂಕಿ ಕೂತರೆ ಏನಾಗುತ್ತದೆಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ನಿತ್ತು ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬರ್ಚ್ ಕಾಡು ತೋರಿಸಿದವನು. ಆ ಟೀಚರನ್ನು ನಾನು ನೋಡಿಯೇ ಇಲ್ಲ, ಆದರೆ ದಿನವೂ ಆ ಟೋಪಿ ಕಾಣುತ್ತದೆ.

ಬೆಳಿಗ್ಗೆ ಏಳುವುದಕ್ಕೆ ನೀನು ಹಿಡಿದುಕೊಂಡಿರುವ ಆ ಒಂದು ಉತ್ತರವನ್ನೂ ನಾನು ಕಿತ್ತುಕೊಳ್ಳುತ್ತಿದ್ದೇನೆ. ಅದರ ಬದಲಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಅಧಿಕಾರಿಗೆ ನನ್ನ ಹೆಸರು ಹೇಳು. ಮಾರ್ಚ್ ಹತ್ತೊಂಬತ್ತರ ಪತ್ರ ತೋರಿಸು.

ಆ ನೀರನ್ನು ತರಬೇಡ ಚಿರೂ. ಅದನ್ನು ನೋಡಲು ನನ್ನಿಂದಾಗದು.

ವೆನೇರಾ


ಮಿಲಾನ್ ರೈಲು ನಿಲ್ದಾಣ,
ಏಪ್ರಿಲ್ 30

ಅಕ್ಕಾ,

ರೈಲು ಬದಲಿಸಲು ಎರಡು ಗಂಟೆ ಇದೆ, ಒಂದು ಕಾರ್ಡು ತೆಗೆದುಕೊಂಡೆ. ಇದಕ್ಕಿಂತ ಮೊದಲು ನಾನೇ ಬಂದು ಬಾಗಿಲು ತಟ್ಟುತ್ತೇನೇನೋ. ಹಡಗಿನಲ್ಲೂ ರೈಲಿನಲ್ಲೂ ಬುರುಡೆಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡೇ ಕೂತಿದ್ದೆ. ಒಬ್ಬ ಸಿಪಾಯಿ ಕೇಳಿದ, "ಏನಣ್ಣ, ಒಳ್ಳೇ ವೈನಾ? ನಮಗೂ ಒಂಚೂರು!" ನೀರು ಎಂದರೆ ಡಬ್ಬಿಯವರೆಲ್ಲ ನಕ್ಕರು. ನನಗೂ ನಗು ಬಂತು. ಒಂದು ತಿಂಗಳಾಗಿತ್ತು ನಕ್ಕು.

ಒಂದು ಹನಿ ಚೆಲ್ಲಿಲ್ಲ. ಭಾವನನ್ನು ಕಿಟಕಿಯ ಹತ್ತಿರ ದಿಂಬು ಕೊಟ್ಟು ಕೂರಿಸಿರು. ತಗಡಿನ ಲೋಟ ಬೇಡ, ಗಾಜಿನದು ಒಂದಿದ್ದರೆ ತೊಳೆದಿಡು. ನಾನು ಎದುರಿಗೆ ಕೂತು ನೋಡುತ್ತೇನೆ, ಅಷ್ಟೇ ಸಾಕು ನನಗೆ.

ಚಿರೀನೊ